ಮನಸೋಲಲು ಮನುಷ್ಯರೇ ಬೇಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪ್ರೇಮ, ಮದುವೆ, ಮುನಿಸು, ಅಗಲಿಕೆಗಳ ಕುರಿತಾಗಿರುತ್ತವೆ. ನಡುನಡುವೆ ಇನ್ನೊಂದು ಬಗೆಯ ಪತ್ರಗಳೂ ಬರುತ್ತವೆ. ಅವನ್ನು ಬರೆದವರು ಆಕಾಶಕ್ಕೆ, ವಾದ್ಯಕ್ಕೆ, ಯಾವುದೋ ಹಳೆಯ ಯಂತ್ರಕ್ಕೆ ಅಥವಾ ಒಂದು ಕೆಲಸಕ್ಕೆ ಮನಸೋತವರು. ಇಂಥ ಪತ್ರಗಳಲ್ಲಿ ಬಹುಪಾಲು "ನಿಮಗಿದು ಕ್ಷುಲ್ಲಕವೆನಿಸಬಹುದು" ಎಂಬ ಅಳುಕಿನಿಂದಲೇ ಶುರುವಾಗುತ್ತವೆ. ಆ ಅಳುಕಿಗೆ ಕಾರಣವಿಲ್ಲವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಂಥ ಆರು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಮತ್ತು ಗುರುತಿನ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. 2017ರಲ್ಲಿ ಒಂದು ಚಿಕ್ಕ ದೂರದರ್ಶಕ ಕೊಂಡುಕೊಂಡೆ. ಅಂದಿನಿಂದ ಮೋಡವಿಲ್ಲದ ರಾತ್ರಿಗಳಲ್ಲಿ ಮಹಡಿಯ ಮೇಲೆ ಕಳೆಯುವ ಹೊತ್ತೇ ನನ್ನ ದಿನದ ಅತ್ಯಂತ ಸಂತೋಷದ ಹೊತ್ತು. ಶನಿಗ್ರಹವನ್ನು ಮೊದಲ ಬಾರಿ ನೋಡಿದಾಗ ಕಣ್ಣು ತುಂಬಿ ಬಂದಿತ್ತು. ನನ್ನ ಅಕ್ಕ ಮಾತ್ರ, "ಮನುಷ್ಯರ ಪ್ರೀತಿ ಸಿಗದವರು ಹೀಗೆ ಯಾವುದಕ್ಕೋ ಅಂಟಿಕೊಳ್ಳುತ್ತಾರೆ, ಖಾಲಿ ಜಾಗ ತುಂಬಿಕೊಳ್ಳಲು ಒಂದು ದಾರಿ ಅಷ್ಟೆ" ಎನ್ನುತ್ತಾಳೆ. ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಆ ಮಾತು ಕೇಳಿದ ಮೇಲೆ ಆಕಾಶ ನೋಡುವಾಗಲೆಲ್ಲ ನನ್ನ ಮೇಲೆ ನನಗೇ ಸಂಶಯ ಮೂಡುತ್ತದೆ. ನನ್ನದು ನಿಜವಾದ ಪ್ರೀತಿಯೇ, ಅಥವಾ ಸಿಗದೆ ಹೋದದ್ದಕ್ಕೆ ಬದಲಿಯೇ?

ಉತ್ತರ: ನಿಮ್ಮ ಅಕ್ಕನ ಮಾತಿನ ಹಿಂದೆ ಬಹಳ ಜನ ಒಪ್ಪಿಕೊಂಡಿರುವ ಒಂದು ನಂಬಿಕೆ ಇದೆ. ಮನುಷ್ಯನೊಳಗೆ ಪ್ರೀತಿಗೆಂದು ಇರುವ ಜಾಗ ಒಂದೇ, ಅದು ಸಂಗಾತಿಗೆ ಮೀಸಲು, ಸಂಗಾತಿ ಬರದಿದ್ದರೆ ಅಲ್ಲಿ ಬೇರೇನಾದರೂ ಬಂದು ಕೂರುತ್ತದೆ ಎಂಬುದೇ ಆ ನಂಬಿಕೆ. ಇದು ನಿಜವಾಗಿದ್ದರೆ ಸಂಗಾತಿ ದೊರೆತ ಕೂಡಲೇ ಆ ಬೇರೆಯದು ಜಾಗ ತೆರವು ಮಾಡಬೇಕಿತ್ತು. ಹಾಗಾಗುವುದಿಲ್ಲ ಎಂಬುದಕ್ಕೆ ನೀವು ಮೆಚ್ಚಿಕೊಂಡಿರುವ ಆಕಾಶದ ಚರಿತ್ರೆಯಲ್ಲಿಯೇ ಸಾಕ್ಷಿ ಇದೆ.

ವಿಲಿಯಂ ಹರ್ಷೆಲ್ ವೃತ್ತಿಯಿಂದ ಸಂಗೀತಗಾರರು. ಇಂಗ್ಲೆಂಡಿನ ಬಾತ್ ಎಂಬಲ್ಲಿ ಆರ್ಗನ್ ನುಡಿಸುತ್ತ, ಶಿಷ್ಯರಿಗೆ ಪಾಠ ಹೇಳುತ್ತ ಜೀವನ ನಡೆಸುತ್ತಿದ್ದವರು ಮೂವತ್ತೈದರ ಆಸುಪಾಸಿನಲ್ಲಿ ನಕ್ಷತ್ರಗಳಿಗೆ ಮನಸೋತರು. ಆಗ ದೊರೆಯುತ್ತಿದ್ದ ದೂರದರ್ಶಕಗಳಿಂದ ತೃಪ್ತಿಯಾಗದೆ, ಅವುಗಳಿಗೆ ಬೇಕಾದ ಲೋಹದ ಕನ್ನಡಿಗಳನ್ನು ತಾವೇ ಎರಕ ಹೊಯ್ದು ಉಜ್ಜತೊಡಗಿದರು. ನುಣುಪು ಕೊಡುವ ಕೊನೆಯ ಹಂತದಲ್ಲಿ ಕನ್ನಡಿಯಿಂದ ಕೈ ತೆಗೆಯುವಂತಿರಲಿಲ್ಲ. ಗಂಟೆಗಟ್ಟಲೆ ಸಾಗುವ ಆ ಕೆಲಸದ ನಡುವೆ ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದರು. 1781ರ ಮಾರ್ಚ್ 13ರ ರಾತ್ರಿ ತಮ್ಮ ಮನೆಯ ಹಿತ್ತಿಲಿನಿಂದಲೇ ಅವರು ಯುರೇನಸ್ ಗ್ರಹವನ್ನು ಕಂಡರು. ಅವರು ಮದುವೆಯಾದದ್ದು 1788ರಲ್ಲಿ, ಐವತ್ತರ ಹೊಸ್ತಿಲಲ್ಲಿ. ನಿಮ್ಮ ಅಕ್ಕನ ಲೆಕ್ಕದಂತೆ ಆಮೇಲೆ ಆಕಾಶದ ನಂಟು ಸಡಿಲವಾಗಬೇಕಿತ್ತು. ಆದರೆ ಆ ಕಾಲಕ್ಕೆ ಅತಿ ದೊಡ್ಡದಾಗಿದ್ದ 40 ಅಡಿ ಉದ್ದದ ದೂರದರ್ಶಕವನ್ನು ಅವರು ಕಟ್ಟಿ ಮುಗಿಸಿದ್ದು ಮದುವೆಯ ಮರುವರ್ಷವೇ. ಹಾಡುಗಾರಿಕೆಯಲ್ಲಿ ತರಬೇತಿ ಪಡೆದಿದ್ದ ಕ್ಯಾರೊಲಿನ್ ಮದುವೆಯಾಗಲಿಲ್ಲ. ಅವರು ಎಂಟು ಧೂಮಕೇತುಗಳನ್ನು ಗುರುತಿಸಿದರು. ಅಣ್ಣ ತೀರಿಕೊಂಡ ಮೇಲೂ ಅವರ ನೀಹಾರಿಕೆಗಳ ಪಟ್ಟಿಯನ್ನು ಕುಳಿತು ಕ್ರಮಗೊಳಿಸಿದರು. 1828ರಲ್ಲಿ ಲಂಡನ್ನಿನ ಖಗೋಳ ಸಂಘದ ಚಿನ್ನದ ಪದಕ ಪಡೆದರು. ಒಂದೇ ಮನೆಯ ಅಣ್ಣ ತಂಗಿಯರಲ್ಲಿ ಒಬ್ಬರಿಗೆ ಸಂಗಾತಿ ದೊರೆತರು, ಇನ್ನೊಬ್ಬರಿಗೆ ದೊರೆಯಲಿಲ್ಲ. ಆಕಾಶದ ಮೇಲಿನ ಒಲವು ಇಬ್ಬರಲ್ಲೂ ಕೊನೆಯವರೆಗೆ ಉಳಿಯಿತು.

ಒಂಟಿಯಾಗಿ ಬದುಕಿದವರ ಒಲವನ್ನು ಅವರಿಗೆ ಏನು ಸಿಗಲಿಲ್ಲ ಎಂಬುದರಿಂದ ಅಳೆಯುವುದು ನನಗೆ ಅನ್ಯಾಯವೆನಿಸುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತರಿದ್ದರು. ಅವರೂ ಮದುವೆಯಾಗಲಿಲ್ಲ. 1885ರ ಜನವರಿ 15ರಂದು, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹಿಮಹರಳಿನ ಚಿತ್ರ ತೆಗೆದರು. ಕಪ್ಪು ಹಲಗೆಯ ಮೇಲೆ ಬೀಳುವ ಹರಳನ್ನು ಸಣ್ಣ ಕಡ್ಡಿಯಿಂದ ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ ಕೂರಿಸುತ್ತಿದ್ದರು. ಉಸಿರು ತಗುಲಿದರೂ ಅದು ಕರಗಿಹೋಗುವುದರಿಂದ ಉಸಿರು ಬಿಗಿಹಿಡಿದು, ಕೊರೆಯುವ ಚಳಿಯಲ್ಲಿಯೇ ಕೆಲಸ ಮಾಡಬೇಕಿತ್ತು. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ 5,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದರು. ಕರಗಿಹೋಗುವ ಒಂದು ಹರಳಿನ ಆರು ತೋಳುಗಳನ್ನು ಅಷ್ಟು ಗಮನವಿಟ್ಟು ನೋಡಿದ ಮನುಷ್ಯನ ಬದುಕನ್ನು ಖಾಲಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಬದಲಿ ಎಂಬುದು ಇಲ್ಲವೇ ಇಲ್ಲ ಎನ್ನಲಾರೆ. ನೋವನ್ನು ಮರೆಯಲು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವವರು ಇರುತ್ತಾರೆ. ಅವರಿಗೆ ಅದು ಯಾವುದಾದರೂ ನಡೆಯುತ್ತದೆ. ಇಂದು ಒಂದು, ನಾಳೆ ಇನ್ನೊಂದು. ಹೊತ್ತು ಕಳೆದರೆ ಸಾಕು. ಆ ವಸ್ತುವಿನ ವಿವರಗಳು ಅವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅವರ ಗಮನವೆಲ್ಲ ತಮ್ಮ ನೋವಿನ ಮೇಲೆಯೇ ಇರುತ್ತದೆ. ನಿಮ್ಮ ಸ್ಥಿತಿ ಹಾಗಿದೆಯೇ ಎಂದು ನೀವೇ ಪರೀಕ್ಷಿಸಿಕೊಳ್ಳಬಹುದು. 2017ರಲ್ಲಿ ಅಗಲವಾಗಿ ತೆರೆದುಕೊಂಡಿದ್ದ ಶನಿಯ ಬಳೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ 2025ರಲ್ಲಿ ತೆಳುವಾದ ಗೆರೆಯಂತಾದದ್ದನ್ನು ನೀವು ಕಂಡಿರಬೇಕು. ದೂರದರ್ಶಕವನ್ನು ಕದಲಿಸದೆ ಬಿಟ್ಟರೆ ಶನಿ ನಿಧಾನವಾಗಿ ನೋಟದ ಅಂಚಿಗೆ ಸರಿದು ಮರೆಯಾಗುವುದನ್ನೂ, ಅದು ನಮ್ಮ ಭೂಮಿಯೇ ತಿರುಗುತ್ತಿರುವುದರ ಪರಿಣಾಮವೆಂಬುದನ್ನೂ ಬಲ್ಲಿರಿ. ಇಂಥ ಸಂಗತಿಗಳು ನಿಮ್ಮ ನೆನಪಿನಲ್ಲಿ ಉಳಿದಿದ್ದರೆ, ಮತ್ತೆ ಬಳೆಗಳು ಪೂರ್ತಿ ತೆರೆದುಕೊಳ್ಳುವ 2032ರ ಸುಮಾರನ್ನು ಈಗಿನಿಂದಲೇ ಎದುರು ನೋಡುತ್ತಿದ್ದರೆ, ನೀವು ಪ್ರೀತಿಸುತ್ತಿರುವುದು ಶನಿಯನ್ನೇ. ಸಂಗಾತಿ ಬೇಕೆಂಬ ಆಸೆಯೂ ನಿಮ್ಮಲ್ಲಿ ಇರಬಹುದು, ಇರದೆಯೂ ಇರಬಹುದು. ಅದು ಬೇರೆ ಪ್ರಶ್ನೆ, ಅದಕ್ಕೆ ಆಕಾಶ ಉತ್ತರ ಕೊಡಬೇಕಾಗಿಲ್ಲ. ಅಕ್ಕನನ್ನು ಒಂದು ರಾತ್ರಿ ಮಹಡಿಗೆ ಕರೆದು ದೂರದರ್ಶಕದೊಳಗೆ ನೋಡಲು ಹೇಳಿ. ವಾದಕ್ಕಿಂತ ಅದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಪ್ರಶ್ನೆ: ತೀರಿಕೊಂಡ ನನ್ನ ತಾಯಿಯ ಹೊಲಿಗೆ ಯಂತ್ರವನ್ನು ಯಾರಿಗೂ ಕೊಡಲು ನನಗೆ ಮನಸ್ಸು ಬರುತ್ತಿಲ್ಲ. ನನಗೆ ಹೊಲಿಯಲು ಬಾರದು, ಮನೆಯಲ್ಲಿ ಜಾಗವೂ ಕಡಿಮೆ. ಒಂದು ಕಬ್ಬಿಣದ ವಸ್ತುವಿನ ಮೇಲೆ ದೊಡ್ಡವನಾದ ಗಂಡಸಿಗೆ ಇಷ್ಟೊಂದು ಮೋಹ ಇರುವುದು ಸರಿಯೇ?

ಉತ್ತರ: ನಮ್ಮದಾದ ವಸ್ತುವನ್ನು ನಾವು ಅದರ ಬೆಲೆಗಿಂತ ಹೆಚ್ಚಾಗಿ ಕಾಣುವುದು ಸಾಮಾನ್ಯ. ಡೇನಿಯಲ್ ಕಾನಮನ್, ಜಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ ಅವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಗಷ್ಟೇ ಕೈಗೆ ಬಂದ ಒಂದು ಸಾಧಾರಣ ಪಿಂಗಾಣಿ ಬಟ್ಟಲನ್ನು ಮಾರಲು ಜನರು ಕೇಳಿದ ಬೆಲೆ, ಅದನ್ನೇ ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ನಿಮ್ಮದು ಈ ಬಗೆಯ ಮೋಹವಲ್ಲ. ಅದೇ ವರ್ಷದ, ಅದೇ ಬಣ್ಣದ ಇನ್ನೊಂದು ಯಂತ್ರವನ್ನು, ಇದಕ್ಕಿಂತ ಸುಸ್ಥಿತಿಯಲ್ಲಿರುವುದನ್ನು, ಯಾರಾದರೂ ತಂದುಕೊಟ್ಟು ಇದನ್ನು ಒಯ್ಯುವೆನೆಂದರೆ ನೀವು ಒಪ್ಪಲಾರಿರಿ. ಕೈಚಕ್ರದ ಮೇಲೆ ಬಣ್ಣ ಸವೆದು ಲೋಹ ಹೊಳೆಯುವ ಜಾಗ ಇದೆಯಲ್ಲ, ಅಲ್ಲಿ ನಿಮ್ಮ ತಾಯಿಯ ಅಂಗೈ ವರ್ಷಗಟ್ಟಲೆ ತಾಗಿದೆ. ಆ ಸವೆತವನ್ನು ಹೊಸ ಯಂತ್ರದಲ್ಲಿ ಪಡೆಯಲಾಗದು.

ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಅವರು 1950ರ ದಶಕದ ಆರಂಭದಲ್ಲಿ, ತಾಯಿಯಿಂದ ದೂರವಿರಲು ಕಲಿಯುವ ಮಗು ಒಂದು ಹೊದಿಕೆಯ ಚೂರನ್ನೋ ಮೆತ್ತನೆಯ ಗೊಂಬೆಯನ್ನೋ ಬಿಡದೆ ಹಿಡಿದಿರುವುದರ ಬಗ್ಗೆ ಬರೆದರು. ಆ ವಸ್ತು ಮಗುವಿನ ಕಲ್ಪನೆಗೂ ಹೊರಗಿನ ಜಗತ್ತಿಗೂ ನಡುವಿನ ತಾವಿನಲ್ಲಿರುತ್ತದೆ, ಮತ್ತು ದೊಡ್ಡವರು ಅದನ್ನು ಪ್ರಶ್ನಿಸಬಾರದು ಎಂಬುದು ಅವರ ನಿಲುವು. ಆ ನಡುವಿನ ತಾವು ಬಾಲ್ಯದೊಂದಿಗೆ ಮುಗಿಯದೆ ಮುಂದೆ ಕಲೆ, ಧರ್ಮ, ಸಂಸ್ಕೃತಿಗಳಾಗಿ ವಿಸ್ತರಿಸುತ್ತದೆ ಎಂದೂ ಅವರು ಕಂಡರು. ಹೀಗಿರುವಾಗ ನೀವು ದೊಡ್ಡವರೆಂಬ ಕಾರಣಕ್ಕೆ ನಾಚಬೇಕಾಗಿಲ್ಲ. ಯಂತ್ರವನ್ನು ಇಟ್ಟುಕೊಳ್ಳಿ. ಸಾಧ್ಯವಾದರೆ ಎಣ್ಣೆ ಬಿಟ್ಟು, ಪಟ್ಟಿ ಬದಲಿಸಿ, ಒಂದು ನೇರ ಹೊಲಿಗೆ ಹಾಕಲು ಕಲಿಯಿರಿ. ಮೂಲೆಯಲ್ಲಿ ಧೂಳು ಹಿಡಿದು ಕೂತ ನೆನಪಿನ ವಸ್ತುವಿಗಿಂತ ಓಡುವ ಯಂತ್ರಕ್ಕೆ ಚಿಕ್ಕ ಮನೆಯಲ್ಲಿ ಜಾಗ ಸುಲಭವಾಗಿ ಸಿಗುತ್ತದೆ.

ಪ್ರಶ್ನೆ: ನಾನು 24 ವರ್ಷದ ಯುವಕ. ಯಾವುದನ್ನಾದರೂ ಹಚ್ಚಿಕೊಂಡರೆ ಊಟ ನಿದ್ದೆ ಬಿಟ್ಟು ಅದರಲ್ಲಿ ಮುಳುಗುತ್ತೇನೆ, ಕೆಲವೇ ತಿಂಗಳಲ್ಲಿ ಅದು ಸಪ್ಪೆಯಾಗುತ್ತದೆ. ಮೊದಲು ಗಿಟಾರ್, ಆಮೇಲೆ ಓಟ, ಆಮೇಲೆ ಛಾಯಾಗ್ರಹಣ. ಪ್ರತಿಯೊಂದಕ್ಕೂ ಬೇಕಾದ ಸಲಕರಣೆ ಕೊಂಡಿದ್ದೇನೆ, ಈಗ ಎಲ್ಲವೂ ಕಪಾಟಿನಲ್ಲಿವೆ. ಗೆಳೆಯರು ನನ್ನದು ಚಂಚಲ ಬುದ್ಧಿ ಎನ್ನುತ್ತಾರೆ. ಯಾವುದನ್ನೂ ಆಳವಾಗಿ ಪ್ರೀತಿಸುವ ಶಕ್ತಿಯೇ ನನಗಿಲ್ಲವೇ ಎಂಬ ಭಯ ಕಾಡುತ್ತದೆ.

ಉತ್ತರ: ನಿಮ್ಮ ಮಿದುಳಿನಲ್ಲಿ ನಡೆಯುತ್ತಿರುವುದೇನೆಂದು ಮೊದಲು ತಿಳಿದುಕೊಳ್ಳಿ, ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ಮಹತ್ವದ ಸಂಗತಿ ಬೆಳಕಿಗೆ ಬಂತು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ, ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ಕೋತಿಯ ನರಕೋಶಗಳು ಚುರುಕಾಗುತ್ತಿದ್ದವು. ಒಂದು ಸಂಕೇತ ಕಂಡ ಮೇಲೆ ರಸ ಬಂದೇ ಬರುತ್ತದೆ ಎಂದು ಅದು ಕಲಿತ ನಂತರ, ಅದೇ ಕೋಶಗಳು ಸಂಕೇತಕ್ಕೆ ಸ್ಪಂದಿಸಿದವೇ ಹೊರತು ರಸಕ್ಕಲ್ಲ. ನಿರೀಕ್ಷಿಸಿದ ರಸ ಬಾರದೆ ಹೋದಾಗ ಅವುಗಳ ಚಟುವಟಿಕೆ ತಗ್ಗಿತು. ಅಂದರೆ ಈ ವ್ಯವಸ್ಥೆ ಲೆಕ್ಕ ಹಾಕುವುದು ನಿರೀಕ್ಷೆಗೂ ದೊರೆತದ್ದಕ್ಕೂ ಇರುವ ಅಂತರವನ್ನು. ಹೊಸ ಹವ್ಯಾಸದ ಮೊದಲ ವಾರಗಳಲ್ಲಿ ಎಲ್ಲವೂ ಅನಿರೀಕ್ಷಿತ: ಮೊದಲ ಸ್ವರಮೇಳ, ನಿಲ್ಲದೆ ಓಡಿದ ಮೊದಲ ಕಿಲೋಮೀಟರ್, ಮಬ್ಬಿಲ್ಲದೆ ಬಂದ ಮೊದಲ ಚಿತ್ರ. ಎರಡು ಮೂರು ತಿಂಗಳಲ್ಲಿ ಅಚ್ಚರಿಗಳು ವಿರಳವಾಗುತ್ತವೆ, ಸುಧಾರಣೆ ಕಣ್ಣಿಗೆ ಕಾಣದಷ್ಟು ನಿಧಾನವಾಗುತ್ತದೆ. ಇಲ್ಲಿ ಸಪ್ಪೆ ಎನಿಸದ ಮನುಷ್ಯನಿಲ್ಲ.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಕೆಂಟ್ ಬೆರಿಡ್ಜ್ ಮತ್ತು ಅವರ ಸಹೋದ್ಯೋಗಿಗಳು ಇಲಿಗಳಲ್ಲಿ ಕಂಡುಕೊಂಡಂತೆ, ಒಂದನ್ನು ಬಯಸುವುದೂ ಅದನ್ನು ಸವಿಯುವುದೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳ ಕೆಲಸ. ಡೋಪಮೈನ್ ಬಹುತೇಕ ಇಲ್ಲವಾಗಿಸಿದ ಇಲಿಗಳು ಆಹಾರವನ್ನು ಹುಡುಕಿ ಹೋಗಲಿಲ್ಲ; ಆದರೆ ನಾಲಿಗೆಗೆ ಸಿಹಿ ಮುಟ್ಟಿಸಿದರೆ ಎಂದಿನಂತೆಯೇ ಚಪ್ಪರಿಸಿದವು. ಮನುಷ್ಯರ ಹವ್ಯಾಸಗಳಿಗೆ ಇದನ್ನು ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು ನಿಜ. ಆದರೂ ನಿಮ್ಮ ಪತ್ರ ಓದುವಾಗ ನನಗೆ ಇದು ನೆನಪಾದದ್ದಕ್ಕೆ ಕಾರಣವಿದೆ. ನೀವು ಬರೆದದ್ದರಲ್ಲಿ ಸೆಳೆತದ ವರ್ಣನೆ ವಿಸ್ತಾರವಾಗಿದೆ, ಸವಿದ ಕ್ಷಣದ ವರ್ಣನೆ ಒಂದೂ ಇಲ್ಲ. ಗಿಟಾರಿನ ಯಾವ ತಂತಿಯ ನಾದ ನಿಮಗೆ ಇಷ್ಟವಾಗಿತ್ತು? ಓಡುವಾಗ ಉಸಿರು ಹೆಜ್ಜೆಯ ಲಯಕ್ಕೆ ಹೊಂದಿಕೊಂಡದ್ದು ಯಾವಾಗ? ಸೆಳೆತ ಇಳಿದ ಮೇಲೆ ಉಳಿಯುವ ಸಣ್ಣ ಸವಿಯನ್ನು ಗುರುತಿಸಲು ಹೊತ್ತು ಬೇಕು, ಆ ಹೊತ್ತು ಬರುವ ಮೊದಲೇ ನೀವು ಮುಂದಿನದಕ್ಕೆ ಹೊರಟುಬಿಟ್ಟಿದ್ದೀರಿ.

ಹಾಗಾಗಿ ನನ್ನ ಸಲಹೆ ಹೀಗಿದೆ. ಸದ್ಯಕ್ಕೆ ನಾಲ್ಕನೆಯದನ್ನು ಹುಡುಕಬೇಡಿ. ಕಪಾಟಿನಲ್ಲಿರುವ ಮೂರರಲ್ಲಿ, ಯಾರೂ ನೋಡದಿದ್ದರೂ ಯಾರೂ ಹೊಗಳದಿದ್ದರೂ ಮಾಡಬಹುದೆನಿಸುವ ಒಂದನ್ನು ಹೊರತೆಗೆಯಿರಿ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಮಾಡಬೇಡಿ; ಊಟ ನಿದ್ದೆ ಬಿಟ್ಟು ಮುಳುಗುವುದೇ ನಿಮ್ಮನ್ನು ಬೇಗ ಬಳಲಿಸುತ್ತಿದೆ. ಹೊಸ ಸಲಕರಣೆ ಕೊಳ್ಳುವುದನ್ನು ಪೂರ್ತಿಯಾಗಿ ನಿಲ್ಲಿಸಿ, ಏಕೆಂದರೆ ಕೊಳ್ಳುವಾಗ ಆಗುವ ಉಲ್ಲಾಸವನ್ನು ನೀವು ಆ ಕಲೆಯ ಮೇಲಿನ ಪ್ರೀತಿಯೆಂದು ತಿಳಿದಿರುವ ಸಾಧ್ಯತೆ ಇದೆ. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಆತಂಕ. ಇವೆರಡರ ನಡುವೆ, ಕೌಶಲಕ್ಕೆ ತಕ್ಕ ಸವಾಲು ಇರುವಲ್ಲಿ ಮನುಷ್ಯ ಹೊತ್ತಿನ ಪರಿವೆ ಇಲ್ಲದೆ ತಲ್ಲೀನನಾಗುತ್ತಾನೆ ಎಂಬುದನ್ನು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಿಂದ ವಿವರವಾಗಿ ಬರೆದರು. ಗಿಟಾರನ್ನೇ ಆರಿಸಿಕೊಂಡರೆ, ಇಡೀ ಹಾಡಿನ ಬದಲು ಅದರ ಕಠಿಣವಾದ ಒಂದೇ ಸಾಲನ್ನು ತೆಗೆದುಕೊಂಡು, ಬೆರಳು ಎಡವುವ ಜಾಗ ಯಾವುದು, ಏಕೆ ಎಡವುತ್ತದೆ ಎಂದು ನೋಡಿ. ಸಪ್ಪೆಯಾದ ತಿಂಗಳನ್ನು ದಾಟಿದ ಮೇಲೆಯೂ ಅದು ನಿಮ್ಮನ್ನು ಹಿಡಿಯದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ. ಎಲ್ಲ ಒಲವುಗಳೂ ಜೀವಮಾನವಿಡೀ ಇರಬೇಕೆಂದು ಯಾರೂ ವಿಧಿಸಿಲ್ಲ. ಮೂರು ತಿಂಗಳು ಓಡಿದವರಿಗೆ ಓಟಗಾರರ ಶ್ರಮ ಅರ್ಥವಾಗುತ್ತದೆ, ಅದೇನೂ ಕಡಿಮೆಯಲ್ಲ.

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರಾದ ಮೇಲೆ ಹಳೆಯ ಗಡಿಯಾರಗಳ ರಿಪೇರಿಯನ್ನು ಹಚ್ಚಿಕೊಂಡಿದ್ದಾರೆ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಲ್ಲುಚಕ್ರಗಳನ್ನು ತಿಕ್ಕುತ್ತಿರುತ್ತಾರೆ. ಅವರಿಗೆ ಕೆಟ್ಟ ಚಟವೇನೂ ಇಲ್ಲ, ಜಗಳವೂ ಇಲ್ಲ. ಆದರೆ ನಾನು ಮಾತನಾಡಿಸಿದರೆ ಕೇಳಿಸುವುದೇ ಇಲ್ಲ. ಗಡಿಯಾರದ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತದೆ. ನನ್ನದೇ ತಪ್ಪೇ?

ಉತ್ತರ: ತಪ್ಪೆಂಬ ಮಾತು ಬೇಡ. ನೀವು ಬಯಸುತ್ತಿರುವುದು ಅವರ ಗಮನವನ್ನು, ಅದು ಬೇರೆಡೆಗೆ ಹರಿಯುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೀರಿ. ಹರಿಯುತ್ತಿರುವುದು ಗಡಿಯಾರದ ಕಡೆಗೆ ಎಂಬ ಮಾತ್ರಕ್ಕೆ ನಿಮ್ಮ ನೋವು ಹುಸಿಯಾಗುವುದಿಲ್ಲ.

ಒಲವು ಯಾವಾಗ ಗೀಳಾಗುತ್ತದೆ ಎಂಬುದನ್ನು ಕೆನಡಾದ ಮನೋವಿಜ್ಞಾನಿ ರಾಬರ್ಟ್ ವ್ಯಾಲರಾಂಡ್ ಮತ್ತು ಅವರ ಸಂಗಡಿಗರು 2003ರಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಒಂದು ಬಗೆಯ ಆಸಕ್ತಿಯಲ್ಲಿ ಮನುಷ್ಯ ತಾನಾಗಿ ತೊಡಗುತ್ತಾನೆ, ಬೇಕಾದಾಗ ನಿಲ್ಲಿಸುತ್ತಾನೆ, ಬದುಕಿನ ಉಳಿದ ಭಾಗಗಳೊಂದಿಗೆ ಅದು ಹೊಂದಿಕೊಂಡು ಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಆಸಕ್ತಿಯೇ ಮನುಷ್ಯನನ್ನು ಎಳೆದೊಯ್ಯುತ್ತದೆ. ನಿಲ್ಲಿಸಿದರೆ ಚಡಪಡಿಕೆ, ಮುಂದುವರಿಸಿದರೆ ಉಳಿದದ್ದರೊಂದಿಗೆ ಘರ್ಷಣೆ. ಅವರ ಒಂದು ಅಧ್ಯಯನದಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದ ಹೆಪ್ಪುಗಟ್ಟಿದ ಚಳಿಗಾಲದ ರಸ್ತೆಗಳಲ್ಲೂ ಸೈಕಲ್ ಬಿಡದೆ ಓಡಿಸಿದವರಲ್ಲಿ ಈ ಎರಡನೆಯ ಬಗೆಯ ಆಸಕ್ತಿ ಹೆಚ್ಚಾಗಿ ಕಂಡುಬಂತು. ತೊಡಗುವ ಗಂಟೆಗಳ ಲೆಕ್ಕಕ್ಕಿಂತ ತೊಡಗುವ ರೀತಿಯೇ ಇಲ್ಲಿ ಮುಖ್ಯವಾದದ್ದು.

ನಿಮ್ಮ ಯಜಮಾನರ ವಿಷಯದಲ್ಲಿ ಗಮನಿಸಬೇಕಾದವು ಇವು. ಕೆಲಸ ಮುಗಿಸಿ ಎದ್ದಾಗ ಅವರ ಮುಖ ಗೆಲುವಾಗಿರುತ್ತದೆಯೇ, ಸಿಡುಕಿನಿಂದಿರುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ಗಡಿಯಾರವನ್ನು ಬದಿಗಿಡುತ್ತಾರೆಯೇ? ಖುಷಿ ಇಲ್ಲದ ದಿನವೂ ಕೂರಲೇಬೇಕೆಂಬ ಒತ್ತಾಯ ಅವರಲ್ಲಿದೆಯೇ? ನಿಮ್ಮ ಪತ್ರದ ಧಾಟಿ ನೋಡಿದರೆ ಅವರದು ಮೊದಲ ಬಗೆಗೆ ಹತ್ತಿರವಿರುವಂತೆ ಕಾಣುತ್ತದೆ. ಕೇಳಿಸದಿರುವುದು ಉದಾಸೀನದಿಂದಲೇ ಇರಬೇಕೆಂದಿಲ್ಲ. ಲೋಲಕದ ಗಡಿಯಾರ ರಿಪೇರಿ ಮಾಡುವವರು ಅದರ ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮನಾಗಿದೆಯೇ ಎಂಬುದನ್ನು ಕಿವಿಯಿಂದಲೇ ಪರೀಕ್ಷಿಸುತ್ತಾರೆ; ಅಂತರ ಏರುಪೇರಾದರೆ ಗಡಿಯಾರ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ. ಕೆಲಸಕ್ಕೆ ಕೂತಾಗ ಅವರ ಕಿವಿ ಎಲ್ಲಿರುತ್ತದೆಂದು ಊಹಿಸಿಕೊಳ್ಳಿ.

ಅವರು ಗಡಿಯಾರ ಬಿಚ್ಚಿದಾಗ ನೀವು ಒಮ್ಮೆ ಪಕ್ಕದಲ್ಲಿ ಕೂತು, ಯಾವ ಭಾಗ ಏನು ಮಾಡುತ್ತದೆಂದು ಕೇಳಿ. ನಿಮಗೂ ಅದು ಇಷ್ಟವಾಗಬೇಕೆಂದು ನಾನು ಹೇಳುತ್ತಿಲ್ಲ. ಮನಸೋತವರಿಗೆ ತಾವು ಮನಸೋತದ್ದನ್ನು ತೋರಿಸುವ ಆಸೆ ಬಹಳ ಇರುತ್ತದೆ, ಮಾತಿಗೆ ಅದೇ ಬಾಗಿಲು. ಆಮೇಲೆ ನಿಮ್ಮ ಬೇಡಿಕೆಯನ್ನು ಸ್ಪಷ್ಟವಾಗಿ ಮುಂದಿಡಿ. "ನಿಮಗೆ ನನ್ನ ಮೇಲೆ ಗಮನವೇ ಇಲ್ಲ" ಎಂಬ ದೂರಿನ ಬದಲು, "ಸಂಜೆ ಐದರ ಮೇಲೆ ಗಡಿಯಾರ ಬೇಡ, ನನ್ನ ಜೊತೆ ವಾಕಿಂಗ್ ಬನ್ನಿ" ಎಂದು ಹೇಳಿ. ಇದಕ್ಕೂ ಅವರು ಒಪ್ಪದಿದ್ದರೆ, ಅಥವಾ ಒಪ್ಪಿ ಪ್ರತಿದಿನ ಮುರಿದರೆ, ಆಗ ಗೀಳಿನ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗುತ್ತದೆ. ಮತ್ತೊಂದು ಮಾತು: ನಿಮ್ಮ ಪತ್ರದಲ್ಲಿ ನಿಮಗೆ ಇಷ್ಟವಾದದ್ದು ಯಾವುದೆಂಬುದರ ಸುಳಿವೇ ಇಲ್ಲ. ವರ್ಷಗಟ್ಟಲೆ ಮನೆಮಂದಿಯ ಇಷ್ಟಗಳನ್ನು ನೋಡಿಕೊಂಡವರಿಗೆ ಹೀಗಾಗುವುದುಂಟು. ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ.

ಪ್ರಶ್ನೆ: ಎಲ್ಲರೂ ಒಂದಲ್ಲ ಒಂದನ್ನು ಪ್ರೀತಿಸುತ್ತಾರೆ. ನನಗೆ ಯಾವುದೂ ಬೇಕೆನಿಸುವುದಿಲ್ಲ. ಮೊದಲು ಓದುತ್ತಿದ್ದೆ, ಹಾಡು ಕೇಳುತ್ತಿದ್ದೆ. ಈಗ ಅದೂ ಇಲ್ಲ.

ಉತ್ತರ: ನಿಮ್ಮ ಪತ್ರ ಚಿಕ್ಕದು, ಆದರೆ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಇದರ ಬಗ್ಗೆಯೇ. ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಯಾವುದೂ ಈಗ ಇಷ್ಟವಾಗದಿರುವುದು ಎರಡು ವಾರಗಳಿಗೂ ಮೀರಿ ಮುಂದುವರಿದಿದ್ದರೆ, ಜೊತೆಗೆ ನಿದ್ದೆ, ಹಸಿವು, ಕೆಲಸದ ಉತ್ಸಾಹಗಳೂ ಕುಂದಿದ್ದರೆ, ಅದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಹೊಸ ಹವ್ಯಾಸ ಹುಡುಕುವ ಮೊದಲು ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸುತ್ತಿದ್ದರೆ ಇಂದೇ ಹತ್ತಿರದವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರೊಂದಿಗೆ ಆಸ್ಪತ್ರೆಗೆ ಹೋಗಿ.

ವೈದ್ಯರು ಅಂಥದ್ದೇನಿಲ್ಲ ಎಂ‍ದರೆ, ಬಳಸದೆ ಬಿಟ್ಟ ರುಚಿ ಮಂಕಾಗಿರಬಹುದು. ಚಾರ್ಲ್ಸ್ ಡಾರ್ವಿನ್‌ಗೆ ಹೀಗಾಗಿತ್ತು. ಮೂವತ್ತರವರೆಗೂ ಕಾವ್ಯ, ಸಂಗೀತ, ಚಿತ್ರಗಳಿಂದ ಅಪಾರ ಸಂತೋಷ ಪಡೆಯುತ್ತಿದ್ದವರು ಮುಂದೆ ಕವಿತೆಯ ಒಂದು ಸಾಲನ್ನೂ ಓದಲಾರದವರಾದರು. 1876ರಲ್ಲಿ ತಮ್ಮ ಮನೆಯವರಿಗಾಗಿ ಬರೆದ ನೆನಪುಗಳಲ್ಲಿ ಅವರು ಇದನ್ನು ಸುಖದ ನಷ್ಟವೆಂದೇ ಕರೆದರು. ಮತ್ತೊಮ್ಮೆ ಬದುಕುವ ಅವಕಾಶ ಸಿಕ್ಕರೆ ವಾರಕ್ಕೆ ಒಮ್ಮೆಯಾದರೂ ಒಂದಿಷ್ಟು ಕವಿತೆ ಓದುವ, ಸಂಗೀತ ಕೇಳುವ ನಿಯಮ ಮಾಡಿಕೊಳ್ಳುತ್ತಿದ್ದೆ ಎಂದು ಬರೆದರು. ನಿಮಗೆ ಮತ್ತೊಂದು ಬದುಕು ಬೇಕಾಗಿಲ್ಲ, ಮುಂದಿನ ವಾರ ಇದೆ. ಹಿಂದೆ ತುಂಬ ಇಷ್ಟವಾಗಿದ್ದ ಒಂದೇ ಹಾಡನ್ನು, ಬೇರೇನೂ ಮಾಡದೆ, ಕೊನೆಯವರೆಗೆ ಕೇಳಿ. ಏನೂ ಅನ್ನಿಸದಿದ್ದರೆ ಬೇಸರಪಡದೆ ಮರುವಾರ ಮತ್ತೆ ಕೇಳಿ.

ಪ್ರಶ್ನೆ: ಹನ್ನೆರಡನೆಯ ವಯಸ್ಸಿನಿಂದ ಪಿಟೀಲು ನುಡಿಸಿದವನು ನಾನು. ಈಗ ಎಡಗೈ ಬೆರಳುಗಳ ಸಂಧಿವಾತದಿಂದ ಹತ್ತು ನಿಮಿಷವೂ ನುಡಿಸಲಾಗುವುದಿಲ್ಲ. ವೈದ್ಯರು ಇನ್ನು ನಿಲ್ಲಿಸಿ ಎಂದಿದ್ದಾರೆ. ಮನೆಯವರು "ವಯಸ್ಸಾಯಿತು, ಬಿಡಿ" ಎನ್ನುತ್ತಾರೆ. ಪೆಟ್ಟಿಗೆ ತೆರೆಯಲೂ ಧೈರ್ಯ ಬರುತ್ತಿಲ್ಲ. ಯಾರೋ ಸತ್ತಂತೆ ಅನ್ನಿಸುವುದು ಅತಿಯಾಯಿತೇ?

ಉತ್ತರ: ಅತಿಯಾಗಿಲ್ಲ. ನಿಮ್ಮ ಬದುಕಿನ ಬಹುಭಾಗವನ್ನು ಜೊತೆಯಲ್ಲಿ ಕಳೆದ ಒಂದು ಸಂಗ ಕೈತಪ್ಪುತ್ತಿದೆ. ಮನುಷ್ಯರು ತೀರಿಕೊಂಡಾಗ ಬಂಧುಗಳು ಬರುತ್ತಾರೆ, ಸಮಾಧಾನದ ಮಾತಾಡುತ್ತಾರೆ, ಅಳಲು ಅನುಮತಿ ಇರುತ್ತದೆ. ವಾದ್ಯದಿಂದ ಅಗಲಿದವರಿಗೆ ಅದಾವುದೂ ಇಲ್ಲದಿರುವುದು ಈ ದುಃಖದ ವಿಶೇಷ ಕಷ್ಟ. ಮನೆಯವರಿಗೆ ಒಮ್ಮೆ ಕೂರಿಸಿ ಹೇಳಿ: ಹೋಗುತ್ತಿರುವುದು ಹೊತ್ತು ಕಳೆಯುವ ಸಾಧನವಲ್ಲ, ಒಂದೊಂದು ಹಾಡಿನ ಹಿಂದೆ ಎಷ್ಟು ಬೆಳಗುಗಳ ಸಾಧನೆ ಇರುತ್ತದೆಂಬುದನ್ನು ಅವರು ಬಲ್ಲವರಲ್ಲ.

ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಕೀರ್ತಿಯ ಶಿಖರದಲ್ಲಿದ್ದಾಗ, 1964ರ ಸುಮಾರಿಗೆ, ಅವರ ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳತೊಡಗಿದವು. ಅವರಿಗಿದ್ದದ್ದು ನಿಮ್ಮ ಕಾಯಿಲೆಯಲ್ಲ, ಸ್ನಾಯುಗಳ ನಿಯಂತ್ರಣ ತಪ್ಪಿಸುವ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ. ತೀವ್ರ ಹತಾಶೆಯ ಕಾಲವೊಂದನ್ನು ದಾಟಿದ ಮೇಲೆ ಅವರು ಎಡಗೈಗೆಂದೇ ರಚಿಸಿದ ಕೃತಿಗಳನ್ನು ನುಡಿಸಿದರು, ವಾದ್ಯವೃಂದಗಳನ್ನು ನಿರ್ದೇಶಿಸಿದರು, ಪಾಠ ಹೇಳಿದರು. ಸುಮಾರು ಮೂರು ದಶಕಗಳ ಬಳಿಕ ಚಿಕಿತ್ಸೆಯಿಂದ ಎರಡೂ ಕೈಗಳಿಂದ ನುಡಿಸುವಂತಾದರು. ನಿಮಗೂ ಹಾಗೆಯೇ ಆದೀತೆಂದು ನಾನು ಭರವಸೆ ಕೊಡಲಾರೆ. ನನ್ನನ್ನು ತಟ್ಟುವುದು ನಡುವಿನ ಆ ಮೂರು ದಶಕಗಳು. ಆ ಕಾಲದಲ್ಲಿ ಅವರು ಸಂಗೀತದಿಂದ ದೂರ ಸರಿಯಲಿಲ್ಲ.

ನೀವು ಪ್ರೀತಿಸಿದ್ದು ನಿಮ್ಮ ಬೆರಳುಗಳ ಚಳಕವನ್ನೇ, ಆ ನಾದವನ್ನೇ ಎಂದು ಕೇಳಿಕೊಳ್ಳುವ ಹೊತ್ತು ಇದು. ಎರಡೂ ಇರುತ್ತವೆ, ಚಳಕ ಹೋದದ್ದಕ್ಕೆ ದುಃಖಪಡಿ, ನಾದ ಇನ್ನೂ ನಿಮ್ಮ ಕಿವಿಯಲ್ಲಿದೆ. ಕಮಾನು ತಂತಿಯ ಮೇಲೆ ಇಳಿಯುವ ಕ್ಷಣದಲ್ಲಿ ಒತ್ತಡ ಕೂದಲೆಳೆಯಷ್ಟು ಹೆಚ್ಚಾದರೂ ಸ್ವರ ಕರ್ಕಶವಾಗುವುದನ್ನು ಕೇಳಿದೊಡನೆ ಗುರುತಿಸಬಲ್ಲ ಕಿವಿ ಅದು. ಕಲಿಯುವ ಮಕ್ಕಳಿಗೆ ಬೇಕಾದದ್ದು ಇಂಥ ಕಿವಿಯೇ, ಮತ್ತು ಅದಕ್ಕೆ ಸಂಧಿವಾತವಿಲ್ಲ. ವಾರಕ್ಕೆ ಒಬ್ಬ ವಿದ್ಯಾರ್ಥಿಯಿಂದ ಶುರುಮಾಡಿ. ಪಿಟೀಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿಡುವುದು ವಾದ್ಯಕ್ಕೂ ಒಳ್ಳೆಯದಲ್ಲ. ಆ ವಿದ್ಯಾರ್ಥಿಗೆ ನಿಮ್ಮೆದುರಿಗೆ ನುಡಿಸಲು ಕೊಡಿ. ಹಾಗೆಯೇ, ನಿಲ್ಲಿಸಿ ಎಂಬ ಸಲಹೆಯನ್ನು ಕೊನೆಯ ಮಾತೆಂದು ತಿಳಿಯುವ ಮೊದಲು ಸಂಧಿವಾತದ ತಜ್ಞರನ್ನೂ ಕೈಗಳ ಚಿಕಿತ್ಸೆಯಲ್ಲಿ ಅನುಭವವಿರುವ ಫಿಜಿಯೋಥೆರಪಿಸ್ಟರನ್ನೂ ಒಮ್ಮೆ ಕಂಡು, ದಿನಕ್ಕೆ ಐದು ನಿಮಿಷ, ನಿಧಾನಗತಿಯ ಒಂದು ರಚನೆ, ಬೆರಳಿಗೆ ಹಾನಿಯಾಗದಂತೆ ನುಡಿಸಬಹುದೇ ಎಂದು ನೇರವಾಗಿ ಕೇಳಿ.